ಬ್ರೂನೊ ತಡೆದ ಚೆಂಡು

ಜಗಳವಾಡುವುದಕ್ಕೂ ಒಂದು ಪ್ರತಿಭೆ ಬೇಕು. ಅದು ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ‘ಸಾರಿ’ ಎನ್ನುವವನು ನಾನೇ. ಇಂಥವನಿಗೆ ಸ್ವೀಡನ್ ಹೇಳಿ ಮಾಡಿಸಿದಂಥ ದೇಶ. ಇಲ್ಲಿ ನೆರೆಮನೆಯವರ ಮೇಲೆ ಸಿಟ್ಟು ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಒಂದು ಚೀಟಿ ಬರೆದು ಅಂಟಿಸಿ ಹೋಗುತ್ತಾರೆ. ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ಆಫೀಸಿನ ಕೆಲಸದ ಮೇಲೆ ನಾನೂ ಹೆಂಡತಿ ವತ್ಸಲಾಳೂ ಅಲ್ಲಿನ ಸೋಲ್ನಾ ಎಂಬ ಊರಿನ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಜೀವನದ ಮೊದಲ ಹಾಗೂ ಕೊನೆಯ ಬೈಗುಳದ ಚೀಟಿಯನ್ನು ಅಲ್ಲಿಯೇ ಬರೆದೆ.

ಕಟ್ಟಡಕ್ಕೆಲ್ಲ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಒಂದೇ. ಅದಕ್ಕೆ ತ್ವೆತ್‌ಸ್ತೂಗ ಎನ್ನುತ್ತಾರೆ. ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಮ್ಮದು. ಆದರೆ ಬುಟ್ಟಿ ಹೊತ್ತು ಇಳಿದಾಗಲೆಲ್ಲ ಯಂತ್ರದೊಳಗೆ ಯಾರದೋ ಕೆಂಪು ಅಂಗಿಗಳು, ಮೊಣಕಾಲುದ್ದದ ಕಾಲುಚೀಲಗಳು, ಒಂದು ಸಣ್ಣ ಗದ್ದೆಗಾಗುವಷ್ಟು ಕೆಸರು. ಮೂರನೆಯ ಭಾನುವಾರ ಯಂತ್ರ ಖಾಲಿಯಿದೆಯೆಂದು ನಂಬಿ ಆಫೀಸಿನ ಬಿಳಿ ಅಂಗಿಗಳನ್ನು ಹಾಕಿದೆ. ಒಳಗೆ ಅಡಗಿದ್ದ ಒಂದೇ ಒಂದು ಕೆಂಪು ಕಾಲುಚೀಲ ಆರು ಅಂಗಿಗಳನ್ನೂ ದಾಸವಾಳದ ಬಣ್ಣಕ್ಕೆ ತಂದಿತ್ತು. ಕೂತು ಚೀಟಿ ಬರೆದೆ. ವತ್ಸಲಾ ಓದಿ, “ರೀ, ನಾಲ್ಕು ಸಲ ‘ಪ್ಲೀಸ್’ ಅಂತ ಬರೆದಿದೀರಲ್ಲ, ಇದು ಬೈಗುಳಾನೋ ರಜಾ ಅರ್ಜೀನೋ?” ಎಂದಳು. ಆದರೂ ಅದನ್ನೇ ನಮ್ಮ ಮನೆ ನಂಬರಿನ ಸಮೇತ ಯಂತ್ರದ ಮೇಲೆ ಅಂಟಿಸಿ ಬಂದೆ.

ಅಂದು ಸಂಜೆಯೇ ಬಾಗಿಲ ಗಂಟೆ ಸದ್ದಾಯಿತು. ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಮನುಷ್ಯ, ಎರಡು ಕಡೆ ಸೊಟ್ಟಗಾದ ಮೂಗು. ಕೈಯಲ್ಲಿ ಹೊಸ ಬಿಳಿ ಅಂಗಿಗಳ ಪೊಟ್ಟಣ. ಎಲ್ಲವೂ ಅವನ ಅಳತೆಯವು. “ನಾನು ಬ್ರೂನೊ, ಐದನೇ ಮಹಡಿ. ಕಾಲುಚೀಲ ನಂದು,” ಎಂದು ಮುರುಕು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡ. ವತ್ಸಲಾ ಅವನನ್ನು ಒಳಗೆ ಕರೆದು ಉಪ್ಪಿಟ್ಟು ಕೊಟ್ಟಳು. ಮೂರನೆಯ ಸಲ ಬಡಿಸಿಕೊಳ್ಳುವ ಹೊತ್ತಿಗೆ ಅವನ ಇಡೀ ಕಥೆ ಹೊರಬಂದಿತ್ತು.

ದಕ್ಷಿಣ ಇಟಲಿಯ ಬೆಸ್ತರ ಮನೆಯ ಹುಡುಗ. ಫುಟ್‌ಬಾಲಿನಲ್ಲಿ ಗೋಲು ಹೊಡೆಯಬೇಕೆಂಬ ಆಸೆಯಿಂದ ಹೋದವನನ್ನು ತರಬೇತುದಾರ ಎತ್ತರ ನೋಡಿ ಡಿಫೆಂಡರ್ ಮಾಡಿ ಹಿಂದಕ್ಕೆ ನಿಲ್ಲಿಸಿದ. ಅಲ್ಲಿಂದ ಇಪ್ಪತ್ತು ವರ್ಷ ಅವನು ಹಿಂದೆಯೇ ನಿಂತ. ಊರಿಂದೂರಿಗೆ, ಕ್ಲಬ್ಬಿಂದ ಕ್ಲಬ್ಬಿಗೆ. ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಪಂದ್ಯ; ಅದೂ ಕೊನೆಯ ಹನ್ನೊಂದು ನಿಮಿಷ. ಮರುವಾರವೇ ಮಂಡಿ ಮುರಿಯಿತು. ಮಂಡಿ ಸರಿಹೋಗುವಷ್ಟರಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿದ್ದರು. ಮೂವತ್ತೇಳನೆಯ ವಯಸ್ಸಿಗೆ ಇಲ್ಲಿನ ಪುಟ್ಟ ಕ್ಲಬ್ಬೊಂದು ಕರೆಯಿತು. ಇಲ್ಲಿಯೂ ಐದು ಪಂದ್ಯಗಳಿಂದ ಬೆಂಚಿನ ಮೇಲೆ ಕೂತಿದ್ದಾನೆ. ಸುಮ್ಮನಿರಲಾರದೆ ತಂಡದ ಬಟ್ಟೆಗಳನ್ನು ತಾನೇ ಮನೆಗೆ ತಂದು ಒಗೆಯುತ್ತಾನೆ.

“ಡಿಫೆಂಡರ್ ಅಂದ್ರೆ ಏನ್ ಮಾಡ್ಬೇಕು?” ಎಂದಳು ವತ್ಸಲಾ.

“ಏನೂ ಆಗದ ಹಾಗೆ ನೋಡ್ಕೋಬೇಕು. ಆಗಲಿಲ್ಲ ಅಂದ್ರೆ ಯಾರಿಗೂ ಗೊತ್ತಾಗಲ್ಲ. ಆಯ್ತು ಅಂದ್ರೆ ಎಲ್ಲರೂ ಬೈತಾರೆ.”

“ಅಯ್ಯೋ, ಹತ್ತು ವರ್ಷದಿಂದ ಈ ಸಂಸಾರದಲ್ಲಿ ನಾನು ಮಾಡ್ತಿರೋದೂ ಅದನ್ನೇ ಅಲ್ವಾ!” ಎಂದು ವತ್ಸಲಾ ಕನ್ನಡದಲ್ಲೇ ಉದ್ಗರಿಸಿ ನನ್ನ ಕಡೆ ನೋಡಿದಳು. ನಾನು ಉಪ್ಪಿಟ್ಟಿನಲ್ಲಿದ್ದ ಕರಿಬೇವು ಹುಡುಕತೊಡಗಿದೆ.

ಬರುವ ಶನಿವಾರ ಮಧ್ಯಾಹ್ನ ಋತುವಿನ ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ, ಬ್ರೂನೊ ಇಟಲಿಗೆ. ಸಮ ಮಾಡಿಕೊಂಡರೆ ಎಲ್ಲರೂ ಉಳಿಯುತ್ತಾರೆ. ಕ್ರಿಕೆಟ್ಟಿನ ಹೊರತು ಬೇರೆ ಆಟ ಕಂಡಿರದ ನಾವಿಬ್ಬರೂ ಟೋಪಿ, ಶಾಲು, ಫ್ಲಾಸ್ಕಿನಲ್ಲಿ ಕಾಫಿ ಸಮೇತ ಹೋಗಿ ಕೂತೆವು. ಪಕ್ಕದಲ್ಲಿ ಕಂಬಳಿ ಸುತ್ತಿಕೊಂಡ ಸ್ವೀಡಿಷ್ ಅಜ್ಜನೊಬ್ಬ ಕಂಬದ ಹಾಗೆ ಮೌನವಾಗಿದ್ದ.

ಮೊದಲರ್ಧ ಯಾರೂ ಗೋಲು ಹೊಡೆಯಲಿಲ್ಲ. ವಿರಾಮದ ನಂತರ ನಮ್ಮ ಕಡೆಯ ಡಿಫೆಂಡರ್ ಒಬ್ಬನ ಕಾಲು ಉಳುಕಿ, ಬೇರೆ ದಾರಿಯಿಲ್ಲದೆ ಬ್ರೂನೊನನ್ನು ಇಳಿಸಿದರು. ಅವನು ಓಡುವುದೇ ಕಾಣುತ್ತಿರಲಿಲ್ಲ. ಆದರೆ ಚೆಂಡು ಬರುವ ಜಾಗದಲ್ಲಿ ಮೊದಲೇ ಇರುತ್ತಿದ್ದ, ಮದುವೆಮನೆಯಲ್ಲಿ ಯಾರ ಊಟ ಮೊದಲು ಮುಗಿಯುತ್ತದೆಂದು ಊಹಿಸಿ ಅದೇ ಕುರ್ಚಿಯ ಹಿಂದೆ ನಿಲ್ಲುವ ಅನುಭವಸ್ಥರ ಹಾಗೆ. ವತ್ಸಲಾ ಎದ್ದು ನಿಂತು, “ಬಿಡ್ಬೇಡ ಬ್ರೂನೊ! ಅಡ್ಡ ನಿಲ್ಲು!” ಎಂದು ಕೂಗತೊಡಗಿದಳು. ಸ್ವಲ್ಪ ಹೊತ್ತಿಗೆ ಅಜ್ಜನೂ “ಅಡ್ಡಾ! ಅಡ್ಡಾ!” ಎನ್ನತೊಡಗಿದ.

ಕೊನೆಯ ನಿಮಿಷ. ಎದುರಾಳಿ ನಮ್ಮ ಗೋಲ್‌ಕೀಪರನನ್ನೂ ದಾಟಿದ. ಮುಂದೆ ಖಾಲಿ ಗೋಲು. ಜೋರಾಗಿ ಒದ್ದ. ಎಲ್ಲಿದ್ದನೋ, ಬ್ರೂನೊ ಅಡ್ಡಡ್ಡಲಾಗಿ ಗಾಳಿಯಲ್ಲಿ ತೇಲಿಬಂದ. ಚೆಂಡು ಗೋಲಿನ ಗೆರೆಯ ಮೇಲೆ ಅವನ ಕೆನ್ನೆಗೆ ಬಡಿದು, ಮೇಲಿನ ಅಡ್ಡಕಂಬ ಸವರಿ ಆಚೆ ಹಾರಿಹೋಯಿತು. ಪಂದ್ಯ ಮುಗಿದ ಶಿಳ್ಳೆ ಕೇಳಿಸಿತು; ಸಮ. ಇಪ್ಪತ್ತು ವರ್ಷ ಯಾರೂ ಗಮನಿಸದ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ಮೈದಾನವೆಲ್ಲ ಸುತ್ತಿದರು. ಅಜ್ಜ ಕಂಬಳಿ ಬಿಸಾಕಿ ವತ್ಸಲಾಳ ಎರಡೂ ಕೈ ಹಿಡಿದು ಕುಣಿದ. ಮುಂದಿನ ವರ್ಷಕ್ಕೂ ಬ್ರೂನೊ ಬೇಕೆಂದು ತರಬೇತುದಾರ ಅಲ್ಲೇ ಘೋಷಿಸಿದ.

ಊದಿದ ಕೆನ್ನೆಯಲ್ಲೇ ನಗುತ್ತ ಬಂದ ಬ್ರೂನೊ ನನ್ನ ಭುಜ ಹಿಡಿದು, “ನೋಡಿದೆಯಾ?” ಎಂದ. ಅವನ ಕಣ್ಣು ತುಂಬಿತ್ತು.

“ನೋಡಿದೆ,” ಎಂದೆ.

ನೋಡಿರಲಿಲ್ಲ. ಆ ಗಳಿಗೆಯಲ್ಲಿ ನಾನು ಬೆಂಚಿನ ಕೆಳಗೆ ಬಗ್ಗಿ, ಬಿದ್ದುಹೋದ ಕೈಗವಸು ಹುಡುಕುತ್ತಿದ್ದೆ. ತಲೆಯೆತ್ತಿದಾಗ ಎಲ್ಲರೂ ಎದ್ದು ಕುಣಿಯುತ್ತಿದ್ದರು. ಮೇಲಿನ ವರ್ಣನೆಯೆಲ್ಲ ವತ್ಸಲಾಳದು. ಆದರೇನು, ಇವತ್ತಿಗೂ ಯಾರ ಮನೆಗೆ ಹೋದರೂ ಆ ಕಥೆ ಹೇಳುವವನು ನಾನೇ. ಬರೀ ಹೇಳಿದರೆ ತೃಪ್ತಿಯಿಲ್ಲ. ಸೋಫಾದ ಮೇಲೆ ಅಡ್ಡಡ್ಡ ಹಾರಿ ತೋರಿಸುತ್ತೇನೆ. ಕಳೆದ ಸಲ ಹಾರಿದಾಗ ಸೊಂಟ ಹಿಡಿದುಕೊಂಡಿತು. ಏನಾಯಿತೆಂದು ಆಫೀಸಿನಲ್ಲಿ ಕೇಳಿದವರಿಗೆಲ್ಲ “ಫುಟ್‌ಬಾಲ್” ಎಂದು ಗಂಭೀರವಾಗಿ ಹೇಳಿ, ಎರಡು ದಿನ ರಜೆ ಹಾಕಿದೆ.