ಸೋತ ಆಟದ ಪಂಚನಾಮೆ

ಸೋಲುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಕಾಕಾನಷ್ಟು ಶ್ರದ್ಧೆಯಿಂದ ಸೋತವರನ್ನು ನಾನು ಇನ್ನೂ ಕಂಡಿಲ್ಲ! ನೀವು, ನಾನು ಚದುರಂಗದಲ್ಲಿ ಸೋತರೆ ಏನು ಮಾಡುತ್ತೇವೆ? ಕಾಯಿಗಳನ್ನು ಡಬ್ಬಿಗೆ ಸುರಿದು, 'ಇವತ್ತು ಯಾಕೋ ತಲೆನೋವಿತ್ತು' ಎಂದೊಂದು ಸುಳ್ಳು ಹೇಳಿ, ಮನೆಗೆ ಬಂದು ಉಂಡು ಮಲಗುತ್ತೇವೆ. ಕಾಕಾ ಹಾಗಲ್ಲ. ಸೋಲನ್ನು ಕೈಹಿಡಿದು ಮನೆಗೆ ಕರೆತರುತ್ತಿದ್ದ. ಅದಕ್ಕೆ ಮಣೆ ಹಾಕಿ ಕೂರಿಸಿ ವಾರವಿಡೀ ಉಪಚಾರ ಮಾಡುತ್ತಿದ್ದ. ಮುಂದಿನ ಶನಿವಾರ ಹೊಸ ಸೋಲು ಬರುವ ತನಕ ಹಳೆಯದಕ್ಕೆ ನಮ್ಮ ಮನೆಯಿಂದ ಬಿಡುಗಡೆ ಇರಲಿಲ್ಲ.

ಜಮಖಂಡಿ ಸಂಸ್ಥಾನ ವಿಲೀನವಾಗಿ ನಾವೆಲ್ಲ ಮುಂಬಯಿ ರಾಜ್ಯದ ಪ್ರಜೆಗಳಾದ ಹೊಸತು. ರಾಜರ ಆಳಿಕೆ ಮುಗಿದರೂ ಅವರ ಕಾಲದ ಕ್ಲಬ್ಬೊಂದು ಊರಲ್ಲಿ ಉಳಿದುಕೊಂಡಿತ್ತು. ಸರಕಾರದ ದಾರೂಬಂದಿ ಬಂದ ಮೇಲೆ ಅಲ್ಲಿ ಕುಡಿಯಲು ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ. ನಶೆ ಬೇಕಾದವರು ಚದುರಂಗದ ಮುಂದೆ ಕೂರಬೇಕಾಗಿತ್ತು! ನನ್ನ ಅಪ್ಪನ ತಮ್ಮನಾದ ಈ ಕಾಕಾ ಕೋರ್ಟಿನಲ್ಲಿ ಕಾರಕೂನ. ನನಗೆ ಆಗಷ್ಟೇ ಅಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ, ಅವನ ಮನೆಯಲ್ಲೇ ಇದ್ದೆ. ಪ್ರತಿ ಶನಿವಾರ ರಬಕವಿಯಿಂದ ಸೀರೆ ವ್ಯಾಪಾರದ ಸಾವಕಾರರೊಬ್ಬರು ಕೆಲಸಕ್ಕೆಂದು ಜಮಖಂಡಿಗೆ ಬರುತ್ತಿದ್ದರು. ಕೆಲಸ ಮುಗಿಸಿ, ಕ್ಲಬ್ಬಿಗೆ ಬಂದು, ಎಲೆಯಡಿಕೆ ಹಾಕಿಕೊಂಡು, ಕಾಕಾನನ್ನು ಸೋಲಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಬಸ್ಸು ತಪ್ಪಬಹುದು, ಕಾಕಾನ ಸೋಲು ತಪ್ಪುತ್ತಿರಲಿಲ್ಲ.

ಕಾಕಾನಿಗೆ ಪೇಟೆಯಿಂದ ಏನು ತರಬೇಕೆಂಬುದು ಕಾಕಿ ಹೇಳಿ ಮುಗಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು. ಸ್ವಂತ ಮಗಳು ಎಷ್ಟನೆಯ ಇಯತ್ತೆ ಎಂದು ನನ್ನನ್ನು ಕೇಳುತ್ತಿದ್ದ. ಆದರೆ ಸೋತ ಆಟದ ಒಂದೊಂದು ನಡೆಯೂ ಅವನ ತಲೆಯಲ್ಲಿ ಕಲ್ಲಿನ ಮೇಲೆ ಕೊರೆದಂತೆ ಇರುತ್ತಿತ್ತು. ಮನೆಗೆ ಬಂದವನೇ ಚದುರಂಗದ ಹಾಸು ಬಿಡಿಸಿ, ಕಾಯಿ ಹೂಡಿ, ತನಗೆ ತಾನೇ ಪಾಟೀಸವಾಲು ಶುರು ಮಾಡುತ್ತಿದ್ದ.

"ಕುದರಿ ಅಲ್ಲಿಗೆ ಯಾಕ ಕಳಿಸಿದಿ?"

"ಆನಿ ಹೊಡ್ಯಾಕ್ರಿ."

"ಆನಿ ಹಿಂದ ವಜೀರ ನಿಂತಿದ್ದು ಕಾಣಲಿಲ್ಲೇನು?"

"ಕಂಡಿತ್ರಿ. ಆದ್ರ ಆಸೆ ಆತ್ರಿ."

ಸವಾಲೂ ಅವನದೇ, ಜವಾಬೂ ಅವನದೇ, ಶಿಕ್ಷೆ ಮಾತ್ರ ನಮ್ಮದು! ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆತನ. ಮೂಲೆಯಲ್ಲಿ ಉಣ್ಣೆ ಹಿಂಜುತ್ತ ಕೂತ ಅಜ್ಜಿಗೆ ಕೊನೆಗೊಮ್ಮೆ ತಡೆಯಲಾಗಲಿಲ್ಲ.

"ಲೇ ಮಗನ, ತ್ವಾಳ ತಿಂದ ಕುರಿ ಎಂದರ ಹೊಳ್ಳಿ ಬಂದೈತೇನು? ಏನ್ ಹುಡುಕಾಕತ್ತಿ?"

"ಕುರಿ ಬರೂದಿಲ್ಲ ಯವ್ವಾ. ಆದ್ರ ತ್ವಾಳ ಯಾವ ಸಂದಿಲೆ ಬಂತು ಅನ್ನೂದು ತಿಳೀತೈತಿ. ನಾಳಿಗಿ ಆ ಸಂದಿ ಮುಚ್ಚಬಹುದು."

"ಮುಚ್ಚಪಾ, ಮುಚ್ಚು. ನಿನ್ನ ತ್ವಾಳ ಬಾಗಲಾ ಬಡದು, ಚಾ ಕುಡದು, ಕುರಿ ತಿಂದು ಹೊಕ್ಕೈತಿ!"

ಹಾಸಿನ ಮೇಲೆ ಆಡಿದ್ದು ಸಾಲದೆ ಒಂದು ಭಾನುವಾರ ಪಡಸಾಲೆಯ ಚೌಕ ಫರ್ಶಿಕಲ್ಲುಗಳ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿಬಿಟ್ಟ. ಎದ್ದು ನೋಡಿದರೆ ರಣರಂಗ ಚೆನ್ನಾಗಿ ತಿಳಿಯುತ್ತದಂತೆ! ಅಜ್ಜಿ ಕೂತ ಕಲ್ಲೇ ರಾಜನ ಮನೆ. ನಾನು ಕುದುರೆ. ಕಸಬರಿಗೆ ಹಿಡಿದು ಬಂದ ಕಾಕಿಯನ್ನು ಅಲ್ಲೇ ತಡೆದು ವಜೀರನನ್ನಾಗಿ ಮಾಡಿದ. ಕಾಕಿ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಬಲು ವಿನಯದಿಂದ ಕೇಳಿದಳು:

"ಅಲ್ಲರೀ, ವಜೀರ ಎತ್ತ ಬೇಕಾದ್ರೂ ಎಷ್ಟು ದೂರ ಬೇಕಾದ್ರೂ ಹೋಗಬಹುದೇನು?"

"ಹೌದಲಾ! ಅದಕ್ಕೇ ಅದು ವಜೀರ."

"ಹಂಗಾರ ನಾ ಅಡಗಿಮನಿಗೆ ಹೊಂಟೆ. ಒಲಿ ಮ್ಯಾಲೆ ಬ್ಯಾಳಿ ಉಕ್ಕಾಕತ್ತೈತಿ."

ಇದೆಲ್ಲ ಮನೆಯೊಳಗಿನ ಮಾತಾಯಿತು. ಆದರೆ ಈ ಮನುಷ್ಯ ನನ್ನ ಮದುವೆಗೇ ಕಲ್ಲು ಹಾಕುವುದರಲ್ಲಿದ್ದ! ಮುಧೋಳದಲ್ಲಿ ಹೆಣ್ಣು ನೋಡಲು ಹಿರಿಯನಾಗಿ ಕಾಕಾನನ್ನೇ ಕರೆದುಕೊಂಡು ಹೋಗಿದ್ದೆ. ಹಿಂದಿನ ದಿನ ಶನಿವಾರವೆಂಬುದನ್ನು ಮರೆತಿದ್ದೆ, ತಪ್ಪು ನನ್ನದೇ. ಹುಡುಗಿಯ ತಂದೆ ಸಂಸ್ಥಾನದ ಪೊಲೀಸಿನಲ್ಲಿ ಹವಾಲ್ದಾರರಾಗಿದ್ದವರು. ಮೀಸೆ ನೋಡಿದರೇ ಎದ್ದು ನಿಲ್ಲಬೇಕೆನಿಸುತ್ತಿತ್ತು. ಅಂಗಳದಲ್ಲಿ ಸಣಕಲು ಸೊಂಟದ ಬೇಟೆನಾಯಿಯೊಂದು ನಮ್ಮಿಬ್ಬರ ಕಣಕಾಲುಗಳನ್ನು ಹೋಲಿಸಿ ನೋಡುತ್ತಿತ್ತು. ಕಾಕಾ ಬಂದಾಗಿನಿಂದ ಮೇಲಿನ ತೊಲೆಯನ್ನೇ ನೋಡುತ್ತಿದ್ದ. ಹುಡುಗಿ ಚಹಾದ ತಟ್ಟೆ ಹಿಡಿದು ಹೊಸ್ತಿಲು ದಾಟಿದಳು. ಎತ್ತರದ ಹುಡುಗಿ, ಬಾಗಿಲಲ್ಲಿ ತಲೆ ಸ್ವಲ್ಪ ಬಗ್ಗಿಸಿಯೇ ಬಂದಳು. ಅದೇ ಗಳಿಗೆಗೆ ಕಾಕಾ ತೊಡೆ ತಟ್ಟಿ ಕೂಗಿದ:

"ತಪ್ಪಾತು! ಇಲ್ಲೇ ತಪ್ಪಾತು! ಒಂಟಿ ಹೊರಗ ತರಬಾರದಿತ್ತು!"

ಹವಾಲ್ದಾರರು ಎದ್ದು ನಿಂತರು. ನಾಯಿಯೂ ಎದ್ದು ನಿಂತಿತು.

"ಯಾರಿಗೆ ಒಂಟಿ ಅಂತೀರಿ? ನನ್ನ ಮಗಳಿಗೆ ಒಂಟಿ ಅಂತೀರೇನು?"

"ನಿಮ್ಮ ಮಗಳಿಗಲ್ಲರೀ, ನಿನ್ನಿ ಒಂಟಿಗೆ! ಕರೇ ಒಂಟಿಗೆ!"

"ಕರೇ ಒಂಟಿ?" ಹವಾಲ್ದಾರರ ಮೀಸೆ ಅದುರತೊಡಗಿತು. ನಾನು ಹೊರಗಿನ ಬಾಗಿಲಿಗೂ ನನಗೂ ಎಷ್ಟು ಅಂತರವಿದೆ, ನಾಯಿಗೂ ಬಾಗಿಲಿಗೂ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಚಹಾದ ಕಪ್ಪುಗಳು ಗಲಗಲ ಎನ್ನತೊಡಗಿದವು. ನೋಡಿದರೆ, ತಟ್ಟೆ ಹಿಡಿದ ಹುಡುಗಿ ನಗು ತಡೆಯಲಾರದೆ ನಡುಗುತ್ತಿದ್ದಳು! "ಅಪ್ಪಾ, ಅವರು ಬುದ್ಧಿಬಲದ ಆಟದಾಗಿನ ಒಂಟಿ ಅನ್ನಾಕತ್ತಾರ," ಎಂದಳು. ಕಾಕಾ ಅವಳ ಕಡೆ ಮೊದಲ ಸಲ ತಿರುಗಿ ನೋಡಿದ. "ಲೇ ತಮ್ಮಾ, ಹುಡುಗಿ ಶ್ಯಾಣೇಕಿ ಅದಾಳ. ನೀ ಮಾಡ್ಕೋ," ಎಂದು ಅಲ್ಲೇ ತೀರ್ಪು ಕೊಟ್ಟ. ಮಾಡಿಕೊಂಡೆ. ಸುಖವಾಗಿದ್ದೇನೆ. ಹವಾಲ್ದಾರರು ಮಾತ್ರ ಮದುವೆ ಮುಗಿಯುವ ತನಕ ಕಾಕಾನ ಮೇಲೆ ಒಂದು ಕಣ್ಣಿಟ್ಟಿದ್ದರು.

ಗೆದ್ದ ಸಾವಕಾರರಾದರೂ ಇವನಿಂದ ಪಾರಾದರೇ? ಇಲ್ಲ! 'ನಾ ಹಂಗ ಮಾಡದ ಹಿಂಗ ಮಾಡಿದ್ರ ನೀವೇನ್ ಮಾಡತಿದ್ರಿ?' ಎಂಬ ಒಂದೇ ಒಂದು ಪ್ರಶ್ನೆ ಕೇಳಲು ಕಾಕಾ ಬಸ್ಸು ಹತ್ತಿ ರಬಕವಿಗೆ ಹೋಗುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಓಣಿ ತುಂಬ ಮಗ್ಗಗಳ ಖಟಕ್ ಖಟಕ್. ಸಾವಕಾರರು ಗಾದಿಯ ಮೇಲೆ ಕೂತು ಬನಹಟ್ಟಿಯಿಂದ ಬಂದ ಹೆಣ್ಣುಮಕ್ಕಳಿಗೆ ಚೌಕಳಿ ಸೀರೆಯೊಂದನ್ನು ಬಿಡಿಸಿ ತೋರಿಸುತ್ತಿದ್ದರು. ಕಾಕಾ ಚೌಕಳಿ ನೋಡಿದ್ದೇ ತಡ, ಸಾವಕಾರರ ಎಲೆಯಡಿಕೆಯ ತಬಕದಿಂದ ಅಡಿಕೆ, ಲವಂಗ ತೆಗೆದು ಸೀರೆಯ ಮೇಲೆ ಹೂಡಿಯೇಬಿಟ್ಟ!

"ಕಾರಕೂನ್ರ, ಸೋತಾವ್ರು ನೀವು. ನೆನಪಿಟ್ಟಾವ್ರೂ ನೀವು. ಗೆದ್ದಾಂವ ನಾ ಮರತು ಆರಾಮ ಅದೇನಿ. ನನ್ನನ್ಯಾಕ ಕಾಡತೀರಿ?" ಎಂದು ಸಾವಕಾರರು ಕೈಮುಗಿದರು. ಆದರೆ ಅಡಿಕೆ ಎಲ್ಲಿಗೆ ಹೋಗುತ್ತದೆ, ಲವಂಗ ಯಾವಾಗ ಸಾಯುತ್ತದೆ ಎಂದು ಹೆಣ್ಣುಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಟ ಮುಗಿದಾಗ ಅವರಲ್ಲೊಬ್ಬಳು, "ನನಗ ಇದ ಸೀರಿ ಕೊಡ್ರಿ, ಯುದ್ಧ ಆದದ್ದು," ಎಂದು ಹಟ ಹಿಡಿದಳು.

ಹೀಗೇ ನಡೆದಿತ್ತು. ಒಂದು ಶನಿವಾರ ಸಂಜೆ ಮಾತ್ರ ನಡೆಯಬಾರದ್ದು ನಡೆದುಹೋಯಿತು. ಕಾಕಾ ಗೆದ್ದ!

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಕಾಕಿ ಗೋಧಿ ಹುಗ್ಗಿಗೆ ಇಟ್ಟಳು. ಅಜ್ಜಿ, "ತ್ವಾಳ ಸತ್ತಿತೇನೋ?" ಎಂದು ಬಾಗಿಲಿಗೇ ಬಂದಳು. ಕಾಕಾನ ಮುಖದಲ್ಲಿ ನಗುವಿಲ್ಲ. ಹಾಸು ಬಿಡಿಸಿ ಕೂತ. ಹುಗ್ಗಿ ಆರಿಹೋಯಿತು.

"ಕಾಕಾ, ಗೆದ್ದ ಆಟದಾಗೂ ತಪ್ಪು ಹುಡುಕತಿ ಏನು?"

"ನಾ ಗೆದ್ದಿಲ್ಲೋ ತಮ್ಮಾ. ಅವರು ಸೋತಾರ. ನನ್ನ ಕರೇ ಒಂಟಿ ಇಲ್ಲಿ ಮೂಲ್ಯಾಗ ಎದುರಿಗೇ ಐತಿ. ಅದರ ದಾರ್‍ಯಾಗ ತಾವಾಗೇ ಬಂದು ವಜೀರನ್ನ ಇಟ್ರು. ನಾ ಇಡತಿದ್ದೆ. ಅವರು ಇಡೂ ಪೈಕಿ ಅಲ್ಲ."

"ಮರತಿರಬೇಕು ಬಿಡು."

"ಹೋದ ವಾರ 'ನಿಮ್ಮ ಕುದರಿ ಎಲ್ಲೈತ್ರಿ' ಅಂತ ಕೇಳಿದ್ರು. ಚ್ಯಾಷ್ಟಿ ಮಾಡಾಕತ್ತಾರ ಅಂತ ತಿಳಕೊಂಡಿದ್ದೆ."

ಮರುದಿನ ಅದೇ ಹೊತ್ತಿಗೆ ನನ್ನನ್ನು ಕ್ಲಬ್ಬಿಗೆ ಎಳೆದುಕೊಂಡು ಹೋಗಿ ಸಾವಕಾರರ ಕುರ್ಚಿಯಲ್ಲಿ ಕೂರಿಸಿದ. ಆಟವನ್ನು ಆ ನಡೆಯ ತನಕ ತಂದು ನಿಲ್ಲಿಸಿದ. ಎದುರಿನ ಕಿಟಕಿಯಿಂದ ಪಡುವಣ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ಏನು ಮಾಡಿದ ಗೊತ್ತೇ? ತಾನು ಉಟ್ಟ ಧೋತರದ ಸೆರಗನ್ನು ಎತ್ತಿ ನನ್ನ ಮುಖಕ್ಕೆ ಹಿಡಿದ! ಇಸ್ಪೀಟಿನ ಮೇಜಿನವರು ಎಲೆ ಕೆಳಗಿಟ್ಟು, "ಕಾರಕೂನ್ರ, ಅಣ್ಣನ ಮಗನಿಗೆ ಬಾಸಿಂಗ ಕಟ್ಟಾಕತ್ತೀರೇನು?" ಎಂದು ನಗತೊಡಗಿದರು.

"ತಮ್ಮಾ, ಕರೇ ಒಂಟಿ ಎಲ್ಲೈತಿ?"

ಬಿಸಿಲು ಬಟ್ಟೆಯ ತುಂಬ ಹರಡಿ ಎಲ್ಲ ಬೆಳ್ಳಗೆ ಮಸುಕಾಗಿತ್ತು. ಹತ್ತಿರದ ಬಿಳಿ ಕಾಯಿಗಳು ಇಷ್ಟಿಷ್ಟು ಕಂಡವು. ಆಚೆ ಕಪ್ಪು ಮನೆಯಲ್ಲಿದ್ದ ಕಪ್ಪು ಒಂಟೆ ಇರಲೇ ಇಲ್ಲ.

"ಕಾಣವಲ್ದು ಕಾಕಾ."

ಧೋತರ ಕೆಳಗಿಳಿಯಿತು. ನಗುತ್ತಿದ್ದವರು ಕಾಕಾನ ಮುಖ ನೋಡಿ ಮತ್ತೆ ಎಲೆ ಕೈಗೆತ್ತಿಕೊಂಡರು.

ಮುಂದಿನ ಬಸ್ಸಿಗೇ ರಬಕವಿಗೆ ಹೋದೆವು. ಸಾವಕಾರರ ಮಕ್ಕಳು ಒಳಗೆ ಹೋಗುವುದನ್ನೇ ಕಾದಿದ್ದು ಕಾಕಾ ಮೆಲ್ಲಗೆ, "ಸಾವಕಾರ್ರ, ನಿಮ್ಮ ಕಣ್ಣಿಗೆ ಪರಿ ಬಂದೈತಿ. ಮಿರಜಿನ ದವಾಖಾನಿಗೆ ಹೋಗೂಣು," ಎಂದ.

ಸಾವಕಾರರು ಕೆರಳಿದರು. "ಒಂದ್ ಸಲ ಗೆದ್ದ ಮಾತ್ರಕ್ಕ ನನ್ನ ಕುರುಡ ಮಾಡಾಕ ಬಂದ್ರೇನು? ನೋಡ್ರಿಲ್ಲೆ!" ಎಂದು ಗಾದಿಯ ಪಕ್ಕದ ಸೀರೆಯೊಂದನ್ನು ಎಳೆದು ಬೆರಳಲ್ಲಿ ಸೆರಗು ಸವರಿ, ನೂಲು, ನೇಯ್ಗೆ, ಅಂಚು ಎಲ್ಲ ಹೇಳಿದರು. ಒಂದೂ ತಪ್ಪಲಿಲ್ಲ.

"ಬಣ್ಣಾರೀ?" ಎಂದ ಕಾಕಾ.

ಸಾವಕಾರರ ಬೆರಳು ಸೀರೆಯ ಮೇಲೆ ನಿಂತುಹೋಯಿತು. ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಗೊತ್ತಾದ್ರ ಮಕ್ಕಳು ಈ ಗಾದಿ ಮ್ಯಾಲಿಂದ ಎಬ್ಬಿಸಿ ಮೂಲ್ಯಾಗ ಕುಂಡರಸ್ತಾರ. ಮನಿ ತುಂಬ ಮಂದಿ ಅದಾರ, ದಿನಾ ಮಾರಿ ನೋಡತಾರ. ಒಬ್ಬರಿಗೂ ತಿಳಿದಿಲ್ಲ. ನಿಮಗ ಹೆಂಗ ತಿಳೀತ್ರೀ?"

ಕಾಕಾ ಆ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ತಾನೇ ಒಳಗೆ ಹೋಗಿ ಮಕ್ಕಳ ಜೊತೆ ಮಾತಾಡಿ ಬಂದ.

ಮಿರಜಿನ ದವಾಖಾನೆಯಲ್ಲಿ ಪೊರೆ ತೆಗೆದರು. ಕಾಕಾ ಕೋರ್ಟಿಗೆ ರಜೆ ಹಾಕಿ ಸಾವಕಾರರ ಮಕ್ಕಳೊಂದಿಗೆ ಸರದಿಯ ಮೇಲೆ ಅಲ್ಲೇ ಇದ್ದ. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾವಕಾರರು ಅಂಗಾತ ಮಲಗಿದ್ದರು. ಹೊಲಿಗೆ ಕೂಡುವ ತನಕ ತಲೆ ಕದಲಿಸಬಾರದೆಂದು ಡಾಕ್ಟರರ ಅಪ್ಪಣೆ. ಕಾಕಾ ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ಕಾರಕೂನ್ರ," ಎಂದರು ಸಾವಕಾರರು, "ಅವತ್ತಿನ ಆಟದಾಗ ನಾ ಎಲ್ಲೆಲ್ಲಿ ತಪ್ಪಿದೆ, ಒಂದ್ ಸಲ ಹೇಳ್ರಿ. ಹೆಂಗೂ ಮಲಗೇ ಇರತೇನಿ, ಕೇಳತೇನಿ."

ಇದನ್ನು ಕೇಳುವವರೊಬ್ಬರು ಸಿಗಲೆಂದು ಕಾಕಾ ಜನ್ಮವಿಡೀ ಕಾದಿದ್ದನಲ್ಲವೇ! ಇನ್ನು ಸಂಜೆಯ ತನಕ ಬಿಡುಗಡೆಯಿಲ್ಲವೆಂದು ನಾನು ಗೋಡೆಗೆ ಒರಗಿ ಕೂತೆ.

"ಎಲ್ಲೂ ತಪ್ಪಿಲ್ಲರಿ," ಎಂದ ಕಾಕಾ.

"ಸುಳ್ಳ ಹೇಳಬ್ಯಾಡ್ರಿ. ಕೋರ್ಟಿನ ಮನಷಾ ನೀವು."

ಸಾವಕಾರರಿಗೆ ನಗು ಬಂತು. ತಲೆ ಕದಲೀತೆಂದು ಕಾಕಾ ಗಾಬರಿಯಿಂದ ಬಗ್ಗಿ, ಎರಡೂ ಕೈಗಳಿಂದ ಅವರ ಕೆನ್ನೆಗಳನ್ನು ಮೆಲ್ಲಗೆ ಹಿಡಿದುಕೊಂಡ. ನಗು ನಿಂತ ಮೇಲೂ ಬಿಡಲಿಲ್ಲ.