ಅರ್ಧ ಶಟರ್, ಜೋಡಿ ಸ್ಪ್ರಿಂಗ್

ಬಾಗಿಲು ಇರುವ ಅಂಗಡಿಗಳ ಸುದ್ದಿ ನನಗೆ ಗೊತ್ತಿಲ್ಲ. ಶಟರ್ ಇರುವ ಅಂಗಡಿಯಲ್ಲಿ ಮಾತ್ರ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಅದರಲ್ಲೂ ಶಟರಿನ ಸ್ಪ್ರಿಂಗ್ ಮುರಿದು, ಬದಲಿಸುವ ಖರ್ಚು ಕೇಳಿ ಅಪ್ಪಾಜಿ ಮುಖ ತಿರುಗಿಸಿದ್ದರಂತೂ ಕೇಳುವುದೇ ಬೇಡ.

ಕೊಟ್ಟೂರಿನ ಬಜಾರಿನಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಕಾಲೇಜು ಮುಗಿಸಿ ನಾನು ಗಲ್ಲಾ ಮುಂದೆ ಕೂತೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಮಾತು ಮೊದಲೇ ಕಡಿಮೆ. ಗಿರಾಕಿಗಳು "ಎಷ್ಟವ್ವಾ ಇದು?" ಎಂದರೆ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತಿದ್ದೆ. "ಪಾಪ, ಹುಡುಗಿಗೆ ಮಾತು ಬರಂಗಿಲ್ಲ" ಎಂದು ಕೆಲವರು ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋಗುತ್ತಿದ್ದರು. ಲಾಭದ ವಿಷಯವಾದ್ದರಿಂದ ಅಪ್ಪಾಜಿ ಅದನ್ನು ತಿದ್ದಲಿಲ್ಲ.

ಯಾರು ಹೋದ್ರು?

ಒಂದು ಬೆಳಿಗ್ಗೆ ಶಟರ್ ಅರ್ಧ ಏರಿ, ಮೇಲಿನ ಡಬ್ಬದೊಳಗೆ 'ಫಟ್' ಎಂದು, ಮತ್ತೆ ನೆಲಕ್ಕೆ ಕೂತುಬಿಟ್ಟಿತು. ಅಪ್ಪಾಜಿಗೆ ಸೊಂಟ ನೋವು. ತುಂಬಿದ ಕೊಡಪಾನ ಕೂಡ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಒಂದು ಕಡೆ ಹಿಡಿದು ಎಳೆದೆ. ಶಟರ್ ಅಲ್ಲಾಡಲಿಲ್ಲ, ನನ್ನ ಬಳೆ ಒಡೆಯಿತು.

ಎದುರು ಕನ್ನಡಕದ ಅಂಗಡಿ. ಅದನ್ನು ಈ ವರ್ಷ ಹೊಸದಾಗಿ ಹಾಕಿದವರು ಹರಪನಹಳ್ಳಿ ಕಡೆಯ ಯುವಕರೊಬ್ಬರು, ನನ್ನಷ್ಟೇ ವಯಸ್ಸಿರಬೇಕು. ರಸ್ತೆ ದಾಟಿ ಬಂದು ಇನ್ನೊಂದು ತುದಿಗೆ ಕೈ ಹಾಕಿ "ಎತ್ರಿ" ಎಂದರು. ಎತ್ತಿದೆ. ಎದೆಮಟ್ಟಕ್ಕೆ ಬಂದಾಗ ಅಪ್ಪಾಜಿ ಕಟ್ಟಿಗೆಯ ಆಸರೆ ಕೊಟ್ಟು ನಿಲ್ಲಿಸಿದರು.

ನಮ್ಮ ಬಜಾರಿನಲ್ಲಿ ಅರ್ಧ ಇಳಿದ ಶಟರಿಗೆ ಒಂದೇ ಅರ್ಥ, ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಸ್ವಲ್ಪ ಹೊತ್ತಿಗೆ ಬೆಲ್ಲದ ಅಂಗಡಿಯ ಹಿರಿಯರು ಬಗ್ಗಿ ಒಳಗೆ ಬಂದು, ಟೋಪಿ ತೆಗೆದು, ಅಪ್ಪಾಜಿ ಪಕ್ಕ ಕೂತರು.

"ಯಾವಾಗ ಹೋಗಿದ್ದು?"

"ಈಗರಿ, ಬೆಳಿಗ್ಗೆ."

"ಏನಾಗಿತ್ತು?"

"ಏನಿಲ್ಲ, ವಯಸ್ಸಾಗಿತ್ತು. ನಿನ್ನಿ ಸಂಜಿ ತಕ ಚಲೋ ಇತ್ತು. ಒಳಗೊಳಗ ತುಕ್ಕು ಹಿಡದಿತ್ತು ನೋಡ್ರಿ."

ಹಿರಿಯರು ಅಪ್ಪಾಜಿ ಕಡೆ ಬಾಗಿದರು. "ತುಕ್ಕು? ಯಾರಿಗೆ?"

"ಸ್ಪ್ರಿಂಗಿಗರಿ."

ಅವರು ಟೋಪಿ ಹಾಕಿಕೊಂಡರು. ಆಮೇಲೆ ಕೈಚೀಲದಿಂದ ಹೂವಿನ ಹಾರ ತೆಗೆದು, "ಮತ್ತ ಇದನ್ನೇನು ಮಾಡ್ಲಿ?" ಎಂದರು.

ಅಪ್ಪಾಜಿ ಹೇಳಿದರು: "ತಂದೀರಿ, ಶಟರಿಗೇ ಹಾಕ್ರಿ."

ಯಾವುದರ ಬಗ್ಗೆ?

ಅಳುವವರು ಬರುತ್ತಾರೆ, ಕೊಳ್ಳುವವರು ಬರುವುದಿಲ್ಲ ಎಂದಾದಾಗ ಅಪ್ಪಾಜಿ ಒಂದು ರಟ್ಟು ಕೊಟ್ಟು, "ಅಂಗಡಿ ತೆರದೈತಿ, ಬಗ್ಗಿ ಬರ್ರಿ, ಅಂತ ಬರಿ" ಎಂದರು.

ನಮ್ಮ ಕಡೆ ಮನೆಗೆ ಮನಿ ಅನ್ನುತ್ತಾರೆ, ಸಂತೆಗೆ ಸಂತಿ. ಬರೆಯುವಾಗ ಕೊನೆಯ 'ಇ' ತೆಗೆದು 'ಎ' ಮಾಡಬೇಕು ಎಂಬುದು ಕನ್ನಡದ ಬಗ್ಗೆ ನನಗೆ ಖಾತ್ರಿಯಿದ್ದ ಒಂದೇ ಸಂಗತಿ. ಹಾಗಾಗಿ ದಪ್ಪ ಅಕ್ಷರದಲ್ಲಿ ಶುದ್ಧವಾಗಿಯೇ ಬರೆದು ತೂಗುಹಾಕಿದೆ: "ಅಂಗಡಿ ತೆರೆದಿದೆ. ಬಗ್ಗೆ ಬನ್ನಿ."

ಇಡೀ ದಿನ ಯಾರೂ ಏನೂ ಅನ್ನಲಿಲ್ಲ. ಸಂಜೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬಂದು, ಬೋರ್ಡು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿದರು. ಒಳಗೆ ಬರಲಿಲ್ಲ. ಹೊರಗಿನಿಂದಲೇ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದರು:

"ಯಾವುದರ ಬಗ್ಗೆ ಬರ್ಲಿ, ತಂಗಿ?"

ಎತ್ರಿ, ಬಿಡ್ರಿ

ಬೋರ್ಡು ಕಿತ್ತೆ. ಎದುರಿನವರು ನೋಡಿದರೋ ಇಲ್ಲವೋ ಎಂಬುದೇ ಚಿಂತೆ. ನೋಡಿರಲೇಬೇಕು, ಅವರ ಕಸುಬೇ ಅಕ್ಷರ ಓದಿಸುವುದು. ಆದರೆ ಮಾರನೇ ಬೆಳಿಗ್ಗೆ ಬಂದವರು ನಗಲಿಲ್ಲ. ಎಂದಿನಂತೆ ತುದಿ ಹಿಡಿದು "ಎತ್ರಿ" ಎಂದರು. ಸಂಜೆ ಬಂದು "ಬಿಡ್ರಿ" ಎಂದರು.

ಬೇಸಿಗೆ ಹೋಗಿ ಮಳೆ ಬಂದರೂ ನಮ್ಮ ಮಾತು ಈ ಎರಡರಿಂದ ಮುಂದೆ ಹೋಗಲಿಲ್ಲ. ನನ್ನ ಕಡೆಯಿಂದ "ಹೂಂ". ಅವರ ಹೆಸರೂ ಗೊತ್ತಿಲ್ಲ. ಮಾತು ಇಷ್ಟೇ ಆದರೂ ಬೆಳಿಗ್ಗೆ ಅವರ "ಎತ್ರಿ" ಕೇಳುವ ತನಕ ನನಗೆ ದಿನ ಶುರುವಾದ ಹಾಗೆ ಅನ್ನಿಸುತ್ತಿರಲಿಲ್ಲ. ಭಾನುವಾರ ಮನೆಯಲ್ಲಿ ರುಬ್ಬುವ ಕಲ್ಲು ಎತ್ತುವಾಗಲೂ ಆ ಕಡೆ ಯಾರೋ ಇರಬೇಕಿತ್ತು ಎನಿಸುತ್ತಿತ್ತು. ಒಂದು ಸಲ ಅವ್ವ ಅಡುಗೆಮನೆಯಿಂದ "ಗ್ಯಾಸ್ ಒಲಿ ಸರಿಸಬೇಕು, ಒಂದೀಟು ಎತ್ತು ಬಾ" ಎಂದು ಕೂಗಿದಳು. ನಾನು ಎದ್ದು ಕನ್ನಡಿ ಮುಂದೆ ಹೋಗಿ ತಲೆ ಬಾಚಿಕೊಂಡೆ.

ಕೆಜಿಗೆ ಎಷ್ಟು?

ಸ್ಪ್ರಿಂಗ್ ಬದಲಿಸಬೇಕೆಂಬ ಮಾತು ವಾರಕ್ಕೊಮ್ಮೆ ಬರುತ್ತಿತ್ತು. ಅಪ್ಪಾಜಿ ಹಡಗಲಿಯಲ್ಲಿ ಕೇಳಿದರು, ತುಟ್ಟಿ. ಬೊಮ್ಮನಹಳ್ಳಿಯಲ್ಲಿ ಕೇಳಿದರು, ಇನ್ನೂ ತುಟ್ಟಿ. ಪ್ರತಿ ಸಲ ನಾನು ದೇವರ ಫೋಟೋಗೆ ಒಂದು ಊದಿನಕಡ್ಡಿ ಹೆಚ್ಚಿಗೆ ಹಚ್ಚುತ್ತಿದ್ದೆ.

ಕೊನೆಗೆ ಕೂಡ್ಲಿಗಿಯಿಂದ ಶಟರ್ ಮಿಸ್ತ್ರಿ ಚಾಚಾ ಬಂದರು. ಏಣಿ ಹತ್ತಿ ನೋಡಿ ರೇಟು ಹೇಳಿದರು. ಅಪ್ಪಾಜಿ ಕೇಳಿದರು, "ಅದು ಕೆಜಿಗೆ ಎಷ್ಟು ಬಿತ್ತು?"

"ಕೆಜಿ ಲೆಕ್ಕ ಇಲ್ರಿ ಸಾವ್ಕಾರ್ರ, ಇದೇನು ತಪ್ಪಲಿ ಪಾತ್ರಿ ಏನ್ರಿ?"

"ಹೋಗ್ಲಿ, ಹಳೇದು ತಗೊಂಡು ಹೊಸಾದು ಕೊಡ್ರಿ. ನಾವು ಹಳೇ ಹರಿವಾಣಕ್ಕ ಹೊಸಾದು ಕೊಡಂಗಿಲ್ಲೇನು?"

"ಮುರದ ಸ್ಪ್ರಿಂಗ್ ಒಯ್ದು ನಾನೇನು ಉಣ್ಣಲೇನ್ರಿ? ಮತ್ತ ಒಂದು ಹಾಕಿದ್ರ ಆಗಂಗಿಲ್ಲ. ಜೋಡಿ ಬದಲಿಸಬೇಕು."

ಇಲ್ಲಿ ಅಪ್ಪಾಜಿ ಎದ್ದು ನಿಂತರು. "ಹೋಗಿರೋದು ಒಂದು, ಎರಡರ ರೊಕ್ಕ ಯಾಕ ಕೊಡ್ಲಿ?"

ಚಾಚಾ ಸಮಾಧಾನದಿಂದ ಹೇಳಿದರು. "ಒಂದು ಹೊಸಾದು, ಒಂದು ಹಳೇದು ಇದ್ರ ಹೊಸಾದು ಒಂದೇ ಎಲ್ಲಾ ಭಾರ ಎಳೀತೈತ್ರಿ. ಹಳೇದು ಸುಮ್ನ ಜೋತು ಬಿದ್ದಿರ್ತೈತಿ. ಅಂಥಾ ಜೋಡಿ ಬಾಳಿಕಿ ಬರಂಗಿಲ್ಲ."

ಊಟದ ಡಬ್ಬಿ ತಂದಿದ್ದ ಅವ್ವ ಬಗ್ಗಿ ಒಳಗೆ ಬರುತ್ತಾ ಇಷ್ಟು ಕೇಳಿಸಿಕೊಂಡಳು. ಅಪ್ಪಾಜಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಯಾಕ ಬರಂಗಿಲ್ಲ? ನಮ್ಮದು ಬಂದಿಲ್ಲೇನು?" ಎಂದಳು.

ಅಪ್ಪಾಜಿ ಕೂಡಲೇ ಜೋಡಿಗೇ ಒಪ್ಪಿದರು.

ಹಾಲಿನ ಅಂಗಡಿ

ಹೊಸ ಸ್ಪ್ರಿಂಗ್ ಹಾಕಿಸಿದ ಮಾರನೇ ಬೆಳಿಗ್ಗೆ ಅಪ್ಪಾಜಿ ಒಂದು ಕೈ ಮುಟ್ಟಿಸಿದರು, ಶಟರ್ ಸರ್ರನೆ ಏರಿ ಒಳಗೆ ಸುತ್ತಿಕೊಂಡಿತು. "ನೋಡು, ಹೂ ಎತ್ತಿದಂಗ!" ಎಂದರು. ನನ್ನ ಎರಡೂ ಕೈ ಇನ್ನೂ ಮುಂದೆಯೇ ಚಾಚಿದ್ದವು.

ಕನ್ನಡಕದ ಅಂಗಡಿಯವರು ಅಷ್ಟರಲ್ಲಿ ಅರ್ಧ ರಸ್ತೆ ದಾಟಿಬಿಟ್ಟಿದ್ದರು. ಮೇಲೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಹಾಲು ತರಲು ಹೊರಟವರಂತೆ ಸರಕ್ಕನೆ ಎಡಕ್ಕೆ ತಿರುಗಿ ನಡೆದರು.

ಹಾಲಿನ ಅಂಗಡಿ ಇರುವುದು ಬಲಕ್ಕೆ.

ನಗು ಬಂತು, ಕೂಡಲೇ ನಿಂತಿತು. ಆ ವಾರ ಪೂರ್ತಿ ಶಟರ್ ಬಹಳ ಚೆನ್ನಾಗಿ ಏರಿ ಇಳಿಯಿತು. ಅಷ್ಟು ಚೆನ್ನಾಗಿ ಏರುವ ಶಟರನ್ನು ನಾನು ಯಾವತ್ತೂ ಅಷ್ಟು ದ್ವೇಷಿಸಿರಲಿಲ್ಲ. ಖರ್ಚು ದಂಡ ಎಂದು ಅಪ್ಪಾಜಿ ದಿನವೂ ಗೊಣಗುತ್ತಿದ್ದರು. ಆ ಖರ್ಚಿನ ಬಗ್ಗೆ ನನಗೂ ಅವರಿಗೂ ಮೊದಲ ಸಲ ಒಂದೇ ಅಭಿಪ್ರಾಯವಿತ್ತು.

ಎದುರಿನ ಬೋರ್ಡು

ಮುಂದಿನ ಸೋಮವಾರ ಬಂದಾಗ ಎದುರಿನ ಶಟರ್ ಅರ್ಧಕ್ಕೆ ನಿಂತಿತ್ತು. ಬೆಲ್ಲದ ಅಂಗಡಿಯ ಹಿರಿಯರು ಟೋಪಿ ತೆಗೆಯಲು ಕೈ ಎತ್ತಿ, ಈ ಸಲ ಹುಷಾರಾಗಿ ಮೊದಲೇ ಕೂಗಿ ಕೇಳಿದರು: "ಹೋಗಿದ್ದು ಮನಷ್ಯಾರೋ, ಸ್ಪ್ರಿಂಗೋ?"

"ಸ್ಪ್ರಿಂಗರಿ" ಎಂದಿತು ಒಳಗಿನ ದನಿ.

ಶಟರಿಗೆ ಒಂದು ರಟ್ಟು ತೂಗುಹಾಕಿದ್ದರು. ದಪ್ಪ ಅಕ್ಷರ: "ಅಂಗಡಿ ತೆರೆದಿದೆ. ಬಗ್ಗೆ ಬನ್ನಿ."

ನಾನು ಎರಡು ಸಲ ಓದಿದೆ. ಅದು ನನ್ನದೇ ತಪ್ಪು, ಬೇರೆ ಯಾರೂ ಮಾಡುವಂಥದ್ದಲ್ಲ.

ಅಪ್ಪಾಜಿ, "ಪಾಪ, ನಮಗ ಅಷ್ಟು ದಿನ ಕೈ ಹಚ್ಚ್ಯಾರ, ಹೋಗಿ ಒಂದು ಕೈ ಹಿಡಿಯವಾ" ಎಂದರು. ಹೇಗೆ ರಸ್ತೆ ದಾಟಿದೆನೋ ತಿಳಿಯದು. ಒಂದು ತುದಿಗೆ ನಾನು ಕೈ ಹಾಕಿದೆ, ಇನ್ನೊಂದಕ್ಕೆ ಅವರು. "ಎತ್ರಿ" ಎಂದರು. ಇಬ್ಬರೂ ಉಸಿರು ಬಿಗಿಹಿಡಿದೆವು, ಆದರೆ ಯಾರೂ ಎತ್ತಲಿಲ್ಲ. ಎತ್ತಿದರೆ ಮುಗಿಯುತ್ತದಲ್ಲ.

ಅದೇ ಹೊತ್ತಿಗೆ ಬಾಕಿ ಕೂಲಿ ಇಸಿದುಕೊಳ್ಳಲು ಬಂದಿದ್ದ ಮಿಸ್ತ್ರಿ ಚಾಚಾ ನಮ್ಮ ಅಂಗಡಿಯಿಂದ ಇಳಿದು ಬಂದರು. "ಸರೀರಿ, ನಾ ನೋಡ್ತೀನಿ" ಎಂದು ಇಬ್ಬರ ನಡುವೆ ಒಂದು ಬೆರಳು ಹಾಕಿದರು. ಶಟರ್ ಸರ್ರನೆ ಮೇಲೆ ಹೋಯಿತು. ನಾವಿಬ್ಬರೂ ಬಗ್ಗಿಕೊಂಡೇ ಇದ್ದೆವು.

"ಏನಾಗೈತ್ರಿ ಇದಕ್ಕ? ಎರಡೂ ಸ್ಪ್ರಿಂಗ್ ಹೊಚ್ಚ ಹೊಸಾವು ಅದಾವು!"

ಕನ್ನಡಕದವರು ಕಿವಿಯ ತನಕ ಕೆಂಪಾದರು. ನೆಲ ನೋಡುತ್ತಾ, "ಈಗ ಸರಿ ಆಗೇತಿ ಅಂತ ಕಾಣ್ತೈತಿ" ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಾಳಿ ಮತ್ತ ಹೋಗಬೋದು" ಎಂದರು.

ತೋರಿಸೋಣವೆಂದರೆ ಕೈಯಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ. ಬೇರೆ ದಾರಿಯಿಲ್ಲದೆ ನನ್ನ ಜೀವನದ ಮೊದಲ ಪೂರ್ತಿ ವಾಕ್ಯ ಅವರಿಗೆ ಹೇಳಿದೆ:

"ನಾಳಿ ಎಷ್ಟೊತ್ತಿಗೆ ಹೋಗ್ತೈತ್ರಿ?"