ನಾನು ಬದಲಿಸದ ಬೆಲ್ಟು

ಇದೇ 1974ರ ಆಗಸ್ಟ್‌ನ ಒಂದು ಬೆಳಿಗ್ಗೆ, ಆಲೂಗಡ್ಡೆ ತುಂಬಿದ್ದ ಮಿಲಿಟರಿ ಲಾರಿಯೊಂದು ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನೆದುರು ಆವಿ ಉಗುಳುತ್ತಾ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಫ್ಯಾನ್ ಬೆಲ್ಟ್ ತುಂಡಾಗಿತ್ತು. ಅದು ತುಂಡಾಗಲಿ ಎಂದು ನಾನು ಹನ್ನೆರಡು ದಿನಗಳಿಂದ ಕಾಯುತ್ತಿದ್ದೆ.

ಕಾರಣ ಹೊಟ್ಟೆಕಿಚ್ಚು. ಮಿಲಿಟರಿ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ವಿಭಾಗದ ಮೇಸ್ತ್ರಿ. ಲಾರಿ ಕೆಡುವ ಮೊದಲೇ ಆಯಿಲ್ ಬದಲಿಸಿ, ಗ್ರೀಸ್ ಹಚ್ಚಿ, ಸವೆದ ಬೆಲ್ಟ್ ತೆಗೆದು ಹೊಸದು ಹಾಕುವುದು ನನ್ನ ಕೆಲಸ. ಕೆಟ್ಟ ಮೇಲೆ ರಿಪೇರಿ ಮಾಡುವವರು ರುದ್ರಪ್ಪ. ದಾವಣಗೆರೆ ಕಡೆಯವರು, ರಾಜಾಜಿನಗರದ ನಮ್ಮ ವಠಾರದಲ್ಲೇ ಪಕ್ಕದ ಮನೆ. ನಾನು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾರು ಕೈಕುಲುಕುತ್ತಾರೆ? ರುದ್ರಪ್ಪನವರು ನಿಂತ ಲಾರಿಯ ಅಡಿಯಿಂದ ಮಸಿ ಮೆತ್ತಿಕೊಂಡು ಎದ್ದು ಬಂದರೆ ಮೇಜರ್ ಸಾಹೇಬರೇ ಸಿಗರೇಟು ಕೊಡುತ್ತಾರೆ. ಆ ಮಸಿಯನ್ನು ತೊಳೆಯದೆಯೇ ಅವರು ವಠಾರಕ್ಕೆ ಬರುತ್ತಾರೆ. ಒಮ್ಮೆ ನನ್ನ ಹೆಂಡತಿ ಅವರನ್ನು ನೋಡಿ, ಆಮೇಲೆ ನನ್ನ ಬಿಳಿ ಶರಟು ನೋಡಿ, "ಅಲ್ಲಾರೀ, ನೀವು ಅಲ್ಲಿ ಏನ್ ಮಾಡ್ತೀರಾ?" ಎಂದಳು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು.

ಈ ವರ್ಷ ಖರ್ಚು ತಗ್ಗಿಸಬೇಕೆಂದು ಮೇಲಿನಿಂದ ಆದೇಶ ಬಂತು. ಸಾಹೇಬರು ನಮ್ಮಿಬ್ಬರನ್ನೂ ಕರೆದು, ಒಂದು ವಿಭಾಗದ ಜನರನ್ನು ಕಡಿಮೆ ಮಾಡುವುದಾಗಿ ಹೇಳಿದರು. ಕೆಡದ ಲಾರಿಗೆ ಹೊಸ ಬೆಲ್ಟ್ ಏಕೆ ಎಂದು ನನ್ನನ್ನೇ ಕೇಳಿದರು. ಉತ್ತರವನ್ನು ಲಾರಿಯಿಂದಲೇ ಹೇಳಿಸೋಣ ಎಂದುಕೊಂಡೆ. ಮೆಸ್ಸಿಗೆ ತರಕಾರಿ ತರುವ ಲಾರಿಯ ಬೆಲ್ಟ್ ಬಿರುಕು ಬಿಟ್ಟಿತ್ತು. ಮುಟ್ಟಲಿಲ್ಲ.

ಅದು ನಿಂತಾಗ ರುದ್ರಪ್ಪನವರು ಹೋಗಿ ಇಪ್ಪತ್ತು ನಿಮಿಷದಲ್ಲಿ ಹೊರಡಿಸಿದರು. ಬಸ್ಸಿಗೆ ಕಾಯುತ್ತಿದ್ದವರು ಚಪ್ಪಾಳೆ ತಟ್ಟಿದರಂತೆ, ಹೂವಿನವಳೊಬ್ಬಳು ಬಾನೆಟ್ಟಿಗೆ ಒಂದು ಮೊಳ ಸೇವಂತಿಗೆ ಹಾಕಿದಳಂತೆ. ಪಕ್ಕದ ಮನೆಯಿಂದ ಇಷ್ಟನ್ನೂ ಕೇಳಿಕೊಂಡು ಬಂದು ನನಗೆ ಒಪ್ಪಿಸಿದವಳು ನನ್ನ ಹೆಂಡತಿ.

ಮರುದಿನ ರುದ್ರಪ್ಪನವರು ತುಂಡಾದ ಬೆಲ್ಟನ್ನು ಪೇಪರಿನಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ನಾ ನಂಬೋದಿಲ್ಲ ಬಿಡ್ರಿ. ಸಾಹೇಬ್ರಿಗೆ ಹೇಳಿಲ್ಲ." ಒಳ್ಳೆಯತನದಲ್ಲೂ ಅವರೇ ಮುಂದೆ.

ಸಾಹೇಬರ ಬಳಿ ಹೋಗಿ, ನೋಡಿ ಸಾರ್, ಸರ್ವಿಸ್ ತಪ್ಪಿದರೆ ಹೀಗೆ ಎಂದೆ. ಅವರು ಗಡಿಯಾರ ನೋಡಿ, ತಪ್ಪಿದರೂ ಇಪ್ಪತ್ತೇ ನಿಮಿಷ ತಾನೇ ಎಂದರು.

ಕಡಿಮೆ ಮಾಡಿದ್ದು ಸರ್ವಿಸ್ ವಿಭಾಗದ ಜನರನ್ನೇ. ಸೆಪ್ಟೆಂಬರ್ ಒಂದರಿಂದ ನಾನು ರುದ್ರಪ್ಪನವರ ಕೈಕೆಳಗಿದ್ದೇನೆ. ಮೊನ್ನೆ ಶನಿವಾರದವರೆಗೆ ಒಂಬತ್ತು ಲಾರಿಗಳು ರಸ್ತೆಯಲ್ಲಿ ನಿಂತಿವೆ. ರುದ್ರಪ್ಪನವರಿಗೆ ಪ್ರಮೋಷನ್ ಆಗಿದೆ.